ಬೊಜ್ಜಿಗೂ ಶಿಕ್ಷೆ, ಚಿಕಿತ್ಸೆಗೂ ಶಿಕ್ಷೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹುಡುಗರು ಸೇನಾ ಭರ್ತಿಯ ತೂಕದ ದಿನ ಡಜನ್‌ಗಟ್ಟಲೆ ಬಾಳೆಹಣ್ಣು ತಿಂದು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ತಕ್ಕಡಿ ಹತ್ತುತ್ತಾರೆ. ಇದು ನಮ್ಮ ಕಡೆ ಗುಟ್ಟೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಅಗ್ನಿವೀರ ಭರ್ತಿ ನಡೆದಾಗಲೂ ಹುಡುಗರ ಚಿಂತೆ ಎರಡೇ: 1.6 ಕಿ.ಮೀ. ಓಟ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಯುತ್ತದೆಯೇ, ಎತ್ತರಕ್ಕೆ ತಕ್ಕ ತೂಕ ಬರುತ್ತದೆಯೇ. ಎದೆ 77 ಸೆಂ.ಮೀ. ಇರಬೇಕು, ಉಸಿರೆಳೆದರೆ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ಹದಿನೆಂಟರ ಹುಡುಗನಿಗೆ ಒಂದು ಕಿಲೋ ಕಡಿಮೆ ಬಿದ್ದರೆ ಆಕಾಶ ಕಳಚಿ ಬಿದ್ದಂತೆ.

ಅದೇ ಹುಡುಗ ಮೂವತ್ತೈದರ ಹೊತ್ತಿಗೆ ಹೆಚ್ಚಾದ ಕಿಲೋಗಳಿಗಾಗಿ ತಲೆ ತಗ್ಗಿಸಿ ನಿಲ್ಲುತ್ತಾನೆ. ನಡುವಿನ ಹದಿನೇಳು ವರ್ಷಗಳಲ್ಲಿ ಅವನ ದೇಹಕ್ಕೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: "ಶಿಸ್ತು ಎಲ್ಲಿ ಹೋಯಿತು?" ಈ ಪ್ರಶ್ನೆಯೇ ತಪ್ಪು ಎನ್ನುವುದು ನನ್ನ ವಾದ. ಬೊಜ್ಜನ್ನು ಶಿಸ್ತಿನ ಕಡತಕ್ಕೆ ಸೇರಿಸಿದ ವ್ಯವಸ್ಥೆ ಅದಕ್ಕೆ ಚಿಕಿತ್ಸೆ ಕೇಳುವವನನ್ನೂ ತಪ್ಪಿತಸ್ಥನಂತೆಯೇ ನೋಡುತ್ತದೆ.

ನನ್ನ ಚಿಕ್ಕಪ್ಪನ ಮಗ ಸೇನೆಯಲ್ಲಿ ನಾಯಕ್. ವಯಸ್ಸು 33, ಸೇವೆ 13 ವರ್ಷ. ಎತ್ತರ 170 ಸೆಂ.ಮೀ., ತೂಕ 102 ಕೆ.ಜಿ., ಜೊತೆಗೆ ಸಕ್ಕರೆ ಕಾಯಿಲೆ. ರಜೆಗೆ ಬಂದಾಗ ಖಾಸಗಿ ವೈದ್ಯರೊಬ್ಬರು ಅವನಿಗೆ ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಿದರು. ಅವನು ನನ್ನನ್ನು ಕೇಳಿದ್ದು ನೋವಿನ ಬಗ್ಗೆಯಲ್ಲ, ಖರ್ಚಿನ ಬಗ್ಗೆಯೂ ಅಲ್ಲ. "ಮಾಡಿಸಿಕೊಂಡ್ರ ನೌಕರಿ ಉಳೀತದ? ಪಿಂಚಣಿಗಿ ಇನ್ನ ಎರಡ ವರ್ಷ ಅದಾವ." ಹದಿನೈದು ವರ್ಷದ ಸೇವೆ ತುಂಬದೆ ಜವಾನನಿಗೆ ಸೇವಾ ಪಿಂಚಣಿ ಇಲ್ಲ. ಪಿಎಚ್‌ಡಿ ಮಾಡುತ್ತಿರುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬಿ ಕೇಳಿದವನಿಗಾಗಿ ನಾನು ಒಂದಷ್ಟು ಓದಿದೆ. ಓದಿದಷ್ಟೂ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನದು.

ಮೊದಲು ಶಸ್ತ್ರಚಿಕಿತ್ಸೆ ಏನೆಂದು ತಿಳಿಯೋಣ. ಇದು ಹೊಟ್ಟೆಯ ಕೊಬ್ಬನ್ನು ಕತ್ತರಿಸಿ ತೆಗೆಯುವ ಸೌಂದರ್ಯದ ಕೆಲಸವಲ್ಲ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆಯಾಗಿ ಮಾಡುತ್ತಾರೆ. ಬೈಪಾಸ್‌ನಲ್ಲಿ ಆಹಾರದ ದಾರಿಯನ್ನೇ ಬದಲಿಸುತ್ತಾರೆ. ತಿನ್ನುವ ಪ್ರಮಾಣ ತಗ್ಗುವುದರ ಜೊತೆಗೆ ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ಹಲವರಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಬಿಎಂಐ 40 ದಾಟಿದವರಿಗೆ, ಇಲ್ಲವೇ 35 ದಾಟಿ ಸಕ್ಕರೆ, ರಕ್ತದೊತ್ತಡದಂಥ ಕಾಯಿಲೆ ಇರುವವರಿಗೆ ಇದು ಸೂಕ್ತ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1991ರಲ್ಲೇ ಹೇಳಿದ್ದವು. 2022ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಘಟನೆಗಳು ಈ ಮಿತಿಯನ್ನು ಇನ್ನಷ್ಟು ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ನಮ್ಮ ದೇಶದ ವಿಮಾ ನಿಯಂತ್ರಕ ಸಂಸ್ಥೆ ಕೂಡ 40 ಮತ್ತು 35ರ ಲೆಕ್ಕದಲ್ಲಿ ಇದನ್ನು ಚಿಕಿತ್ಸೆಯೆಂದು ಒಪ್ಪಿಕೊಂಡಿದೆ. ನನ್ನ ತಮ್ಮನ ಬಿಎಂಐ 35ರ ಮೇಲಿದೆ. ಅಂದರೆ ವೈದ್ಯಶಾಸ್ತ್ರದ ಹಳೆಯ, ಬಿಗಿಯಾದ ಲೆಕ್ಕದಲ್ಲೂ ಅವನು ಅರ್ಹ ರೋಗಿ.

ಈಗ ಸೇನೆಯ ಲೆಕ್ಕ. ಅಲ್ಲಿ ಸೈನಿಕನ ಆರೋಗ್ಯವನ್ನು 'ಶೇಪ್' ಎಂಬ ಅಳತೆಗೋಲಿನಲ್ಲಿ ನೋಡುತ್ತಾರೆ. ಮನಸ್ಸು, ಶ್ರವಣ, ಕೈಕಾಲು, ದೈಹಿಕ ಸಾಮರ್ಥ್ಯ, ದೃಷ್ಟಿ ಎಂಬ ಐದು ಅಂಶಗಳಲ್ಲೂ ಒಂದನೇ ದರ್ಜೆ ಇದ್ದವನು ಪೂರ್ಣ ಸಮರ್ಥ. ಕೆಳಗಿಳಿದವನು 'ಕೆಳ ವೈದ್ಯಕೀಯ ಶ್ರೇಣಿ'ಯವನು. ಬಡ್ತಿ, ಕೋರ್ಸು, ಸೇವಾ ವಿಸ್ತರಣೆ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ತಮ್ಮ ಈಗಾಗಲೇ ತಾತ್ಕಾಲಿಕ ಕೆಳ ಶ್ರೇಣಿಯಲ್ಲಿದ್ದಾನೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಅದು ಕಾಯಂ ಆಗುತ್ತದೆ ಎಂಬುದು ಅವನ ಭಯ. ಬೊಜ್ಜು ಮನಸ್ಸು ಮಾಡಿದರೆ ಕರಗುವಂಥದ್ದು, ಆದ್ದರಿಂದ ತಾತ್ಕಾಲಿಕ. ಹೊಲಿಗೆ ಬಿದ್ದ ಹೊಟ್ಟೆ ಮಾತ್ರ ಶಾಶ್ವತ. ರೋಗಕ್ಕಿಂತ ಚಿಕಿತ್ಸೆ ದೊಡ್ಡ ಕಳಂಕವಾಗುವುದೆಂದರೆ ಇದೇ.

ಸೇನೆಯ ಕಡೆಯ ವಾದವನ್ನು ಗೇಲಿ ಮಾಡುವಂತಿಲ್ಲ. ಈ ಶಸ್ತ್ರಚಿಕಿತ್ಸೆಯಾದವನು ಜೀವನಪೂರ್ತಿ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ನುಂಗಬೇಕು. ಒಂದೇ ಸಲ ಹೊಟ್ಟೆ ತುಂಬ ತಿನ್ನುವಂತಿಲ್ಲ, ಗಟಗಟ ನೀರು ಕುಡಿಯುವಂತಿಲ್ಲ. ಹಿಮದ ಠಾಣೆಯಲ್ಲಿ ವಾರಗಟ್ಟಲೆ ಡಬ್ಬಿ ಆಹಾರದ ಮೇಲೆ ಬದುಕುವವನಿಗೆ ಇದು ಕಷ್ಟ. ಅಮೆರಿಕದ ಸೇನಾ ಆರೋಗ್ಯ ಯೋಜನೆ ಟ್ರೈಕೇರ್ ಸೈನಿಕರ ಕುಟುಂಬದವರಿಗೆ, ನಿವೃತ್ತರಿಗೆ ಈ ಶಸ್ತ್ರಚಿಕಿತ್ಸೆಯ ಖರ್ಚು ಕೊಡುತ್ತದೆ, ಸೇವೆಯಲ್ಲಿರುವ ಸೈನಿಕನಿಗೆ ಕೊಡುವುದಿಲ್ಲ. ಅದೇ ದೇಶದ ಯುದ್ಧ ಕಾರ್ಯದರ್ಶಿ ಪೀಟ್ ಹೆಗ್ಸೆತ್ 2025ರ ಸೆಪ್ಟೆಂಬರ್ ಕೊನೆಯಲ್ಲಿ ಜಗತ್ತಿನ ಮೂಲೆಮೂಲೆಯಿಂದ ಜನರಲ್‌ಗಳನ್ನು ಕ್ವಾಂಟಿಕೋಗೆ ಕರೆಸಿ, ದಪ್ಪ ಜನರಲ್‌ಗಳನ್ನು ಸಹಿಸುವುದಿಲ್ಲ ಎಂದು ಬೈದರು. ದಪ್ಪಗಿರುವುದೂ ತಪ್ಪು, ಸೇವೆಯಲ್ಲಿದ್ದು ಚಿಕಿತ್ಸೆ ಪಡೆಯುವುದೂ ಸಾಧ್ಯವಿಲ್ಲ ಎಂದಾದರೆ ಉಳಿದ ದಾರಿ ಯಾವುದು?

ಉಳಿದದ್ದು ಮನೋಬಲವಂತೆ. ಅದನ್ನೂ ಪರೀಕ್ಷಿಸಿ ನೋಡಲಾಗಿದೆ. ಅಮೆರಿಕದ ಟೀವಿಯಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಸ್ಪರ್ಧೆ ಇತ್ತು. ತರಬೇತುದಾರರು ಕಿರುಚಿ, ಬೆವರಿಳಿಸಿ, ಕಣ್ಣೀರು ಹಾಕಿಸಿ ತೂಕ ಇಳಿಸುತ್ತಿದ್ದರು. ಯಾವ ಹವಾಲ್ದಾರನ ಪಿ.ಟಿ.ಗೂ ಕಡಿಮೆಯಿರಲಿಲ್ಲ. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬಹುತೇಕರ ತೂಕ ಮರಳಿ ಏರಿತ್ತು. ಅವರ ದೇಹ ವಿಶ್ರಾಂತಿಯಲ್ಲಿ ಸುಡುವ ಶಕ್ತಿ, ಆ ಗಾತ್ರದ ದೇಹ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ಕಳೆದುಕೊಂಡ ಕೊಬ್ಬನ್ನು ದೇಹ ಮರಳಿ ಪಡೆಯಲು ಹೋರಾಡುತ್ತದೆ. ಈ ಹೋರಾಟದಲ್ಲಿ ಸೋತವನನ್ನು ಶಿಸ್ತಿಲ್ಲದವನು ಎನ್ನುವುದು ವಿಜ್ಞಾನವಲ್ಲ.

ನಮ್ಮ ದೇಹಗಳ ಚರಿತ್ರೆಯೂ ಇದರಲ್ಲಿ ಸೇರಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು ತಿಳಿಯಿತು. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮ ಮತ್ತು ಬ್ರಿಟಿಷ್ ಗೆಳೆಯ ಯಡ್ಕಿನ್ ಅವರ ಫೋಟೋ ಹಾಕಿದರು. ಇಬ್ಬರ ಬಿಎಂಐಯೂ 22.3. ಆದರೆ ಗೆಳೆಯನ ಮೈಕೊಬ್ಬು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ತೆಳ್ಳಗೆ ಹುಟ್ಟಿ, ತೆಳ್ಳಗೇ ಕಂಡು, ಒಳಗೆ ಕೊಬ್ಬು ಕೂಡಿಡುವ ಮೈ ನಮ್ಮದು. ಬಾಳೆಹಣ್ಣು ತಿಂದು ಭರ್ತಿಯ ತಕ್ಕಡಿ ಹತ್ತಿದ ಹುಡುಗನೇ ಮೂವತ್ತೈದಕ್ಕೆ ಸಕ್ಕರೆ ರೋಗಿಯಾಗುವುದು ವಿಚಿತ್ರವೇನಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಕಟ್ಟುವಾಗಲೂ ಬರೀ ತೂಕ ನೋಡುವುದಿಲ್ಲ. ಬಣ್ಣ ನೋಡುತ್ತಾರೆ, ತೇವ ನೋಡುತ್ತಾರೆ, ಕೈಯಲ್ಲಿ ಹಿಡಿದು ಮುರಿದು ನೋಡುತ್ತಾರೆ. ಮನುಷ್ಯನಿಗೆ ಮಾತ್ರ ಕಿಲೋ ಸಾಕೇ?

ಆದರೆ ಸಮವಸ್ತ್ರದ ಲೋಕ ಕಿಲೋದ ಭಾಷೆಯನ್ನೇ ಆಡುತ್ತದೆ. 2018ರಲ್ಲಿ ನಮ್ಮ ಮೀಸಲು ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್, ತೂಕ ಇಳಿಸದವರಿಗೆ ಅಮಾನತಿನ ಎಚ್ಚರಿಕೆ ಕೊಟ್ಟರು. ಶಿಗ್ಗಾವಿಯ ಪಡೆ ಸೇರಿ ರಾಜ್ಯದ ಎಲ್ಲ ಮೀಸಲು ಪಡೆಗಳಿಗೂ ಅದು ಮುಟ್ಟಿತು. ಪೊಲೀಸರು ಕಾಯಿಲೆಯಿಂದ ಸಾಯುತ್ತಿದ್ದಾರೆ ಎಂಬ ಅವರ ಕಳಕಳಿ ನಿಜವಾದದ್ದೇ. ಆದರೆ ರೋಗಿಗೆ ಅಮಾನತು ಯಾವ ಔಷಧಿ? 2024ರ ಆರಂಭದಲ್ಲಿ ವರದಿಯಾದ ಸೇನೆಯ ಹೊಸ ದೈಹಿಕ ಕ್ಷಮತೆಯ ನೀತಿಯಲ್ಲೂ ಅದೇ ಧಾಟಿ: ಗುರಿ ಮುಟ್ಟದವರಿಗೆ ಸುಧಾರಿಸಲು 30 ದಿನ, ಆಮೇಲೆ ರಜೆಗೆ ಕತ್ತರಿ.

ಅವಮಾನ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2017ರ ಘಟನೆ ನೋಡಿ. ಅಂಕಣಕಾರ್ತಿ ಶೋಭಾ ಡೇ ಸ್ಥೂಲಕಾಯದ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರ ಫೋಟೋ ಹಾಕಿ, ಮುಂಬೈಯಲ್ಲಿ ಭಾರೀ ಬಂದೋಬಸ್ತು ಎಂದು ಕುಚೋದ್ಯ ಮಾಡಿದರು. ಅವರು ಮುಂಬೈಯವರಲ್ಲ, ಮಧ್ಯಪ್ರದೇಶದವರು. ತನ್ನ ತೂಕಕ್ಕೆ ಕಾಯಿಲೆ ಕಾರಣ, ಅತಿಯಾಗಿ ತಿನ್ನುವುದಲ್ಲ ಎಂದು ಅವರು ಹೇಳಬೇಕಾಯಿತು. ಆಮೇಲೆ ಮುಂಬೈಯ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು, 60 ಕೆ.ಜಿ.ಗೂ ಹೆಚ್ಚು ತೂಕ ಇಳಿಯಿತು. ಎಲ್ಲರೂ ಇದನ್ನು ಸುಖಾಂತ ಕಥೆಯೆಂದು ಹಂಚಿಕೊಂಡರು. ನನಗೆ ಕಾಣುವುದು ಬೇರೆ. ಸಮವಸ್ತ್ರದಲ್ಲಿರುವ ಒಬ್ಬ ರೋಗಿ ಚಿಕಿತ್ಸೆಯ ಬಾಗಿಲಿಗೆ ಬರಲು ಇಡೀ ದೇಶ ಅವನನ್ನು ನೋಡಿ ನಗಬೇಕಾಯಿತು.

ನಗೆಯ ಭಯಕ್ಕೆ, ಶ್ರೇಣಿಯ ಭಯಕ್ಕೆ ಜನ ಕಂಡುಕೊಳ್ಳುವ ದಾರಿ ಗುಟ್ಟು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ. ಕೀಹೋಲ್ ಶಸ್ತ್ರಚಿಕಿತ್ಸೆಗೆ ಎರಡು ಮೂರು ದಿನದ ಆಸ್ಪತ್ರೆ ವಾಸ ಸಾಕು, ಗಾಯಗಳೂ ಚಿಕ್ಕವು. ತಮ್ಮನ ತಲೆಯಲ್ಲೂ ಈ ಲೆಕ್ಕ ಓಡಿತ್ತು. ಹೀಗೆ ಮುಚ್ಚಿಟ್ಟು ಹೋದವನಿಗೆ ಠಾಣೆಯಲ್ಲಿ ಹೊಲಿಗೆ ಸೋರಿದರೆ ಅಲ್ಲಿನ ವೈದ್ಯರಿಗೆ ಹಿನ್ನೆಲೆಯೇ ಗೊತ್ತಿರುವುದಿಲ್ಲ. ಬಿ12 ಕೊರತೆಯಿಂದ ಕಾಲು ಜೋಮು ಹಿಡಿದರೆ ಹೇಳಿಕೊಳ್ಳುವಂತಿಲ್ಲ. ಸೇನೆ ಯಾವ ಅಪಾಯಕ್ಕೆ ಹೆದರುತ್ತದೆಯೋ ಆ ಅಪಾಯವನ್ನು ಸೇನೆಯ ಬಿಗುವೇ ಹುಟ್ಟಿಸುತ್ತದೆ. 2025ರಲ್ಲಿ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ನಮ್ಮ ಮಾರುಕಟ್ಟೆಗೂ ಬಂದಿವೆ. ಇನ್ನು ಗುಟ್ಟಿಗೆ ಆಸ್ಪತ್ರೆಯೂ ಬೇಕಿಲ್ಲ, ಒಂದು ಸೂಜಿ ಸಾಕು.

ಇನ್ನೊಂದು ಮಾತು ಹಣದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸೈನಿಕರು ಅಂಗವೈಕಲ್ಯ ಪಿಂಚಣಿ ಕೇಳಿದಾಗ, ಅದು 'ಜೀವನಶೈಲಿಯ ಕಾಯಿಲೆ' ಎಂಬ ಉತ್ತರ ಸಿಕ್ಕ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗಿವೆ. ಸೇರುವಾಗ ಇಲ್ಲದ ರೋಗ ಸೇವೆಯಲ್ಲಿ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಬರೀ ಜೀವನಶೈಲಿ ಎಂಬ ಹಣೆಪಟ್ಟಿ ಹಚ್ಚಿ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟು 2025ರಲ್ಲಿ ಹೇಳಿತು. ಯಾರ ಜೀವನಶೈಲಿ ಇದು? ಏಳುವ ಹೊತ್ತು, ಮೆಸ್ಸಿನ ಊಟ, ರಾತ್ರಿ ಪಹರೆ, ಹೆಂಡತಿ ಮಕ್ಕಳಿಂದ ತಿಂಗಳುಗಟ್ಟಲೆ ದೂರ, ಎಲ್ಲವೂ ಆಜ್ಞೆಯ ಪ್ರಕಾರ. ಕ್ಯಾಂಟೀನಿನಲ್ಲಿ ಅಗ್ಗದ ಮದ್ಯವೂ ವ್ಯವಸ್ಥೆಯದೇ. ಹೊಟ್ಟೆ ಮಾತ್ರ ಅವನ ಸ್ವಂತದ್ದು!

ಹಾಗಾದರೆ ಏನು ಮಾಡಬೇಕು? ಎಲ್ಲ ದಪ್ಪ ಸೈನಿಕರಿಗೂ ಕತ್ತರಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆಗೆ ಅರ್ಹರಾಗುವವರು ಕೆಲವರೇ. ತೂಕ ಮಿತಿ ಮೀರಿದವನು ಮೊದಲು ಶಿಕ್ಷೆಯ ಪಟ್ಟಿಗಲ್ಲ, ವೈದ್ಯರ ಬಳಿಗೆ ಹೋಗುವಂತಾಗಬೇಕು. ಶಸ್ತ್ರಚಿಕಿತ್ಸೆ ಕೇಳಿದ್ದೇ ದುರ್ಬಲತೆಯ ದಾಖಲೆಯಾಗಬಾರದು. ಬಹಿರಂಗವಾಗಿ ಮಾಡಿಸಿಕೊಂಡವನಿಗೆ ಒಂದೂವರೆ ಎರಡು ವರ್ಷ ತಾತ್ಕಾಲಿಕ ಶ್ರೇಣಿ ಕೊಟ್ಟು, ಆಮೇಲೆ ಓಡಿಸಿ, ರಕ್ತ ಪರೀಕ್ಷಿಸಿ, ಅವನೇನು ಮಾಡಬಲ್ಲ ಎಂಬುದರ ಮೇಲೆ ತೀರ್ಮಾನಿಸಬೇಕು. ಹಿಮದ ಠಾಣೆಗೆ ಆಗದವನು ವರ್ಕ್‌ಶಾಪಿಗೆ, ಸಿಗ್ನಲ್ಸಿಗೆ, ಉಗ್ರಾಣಕ್ಕೆ ಆಗಬಹುದು. ಸೇನೆಯ ದೊಡ್ಡ ಭಾಗ ನಡೆಯುವುದೇ ಅಲ್ಲಿ. ನಾಲ್ಕು ವರ್ಷದ ಅಗ್ನಿವೀರರ ವಿಷಯದಲ್ಲಿ ಇದು ಇನ್ನೂ ತುರ್ತಿನದು. ನಾಲ್ವರಲ್ಲಿ ಒಬ್ಬನನ್ನಷ್ಟೇ ಉಳಿಸಿಕೊಳ್ಳುವ ಕಡೆ ಯಾವ ಹುಡುಗ ತಾನೇ ತನ್ನ ಕಾಯಿಲೆ ಹೇಳಿಕೊಂಡಾನು?

ನಾವೂ ಈ ಪಾಪದಲ್ಲಿ ಪಾಲುದಾರರು. ದಂಡಿ ಯಾತ್ರೆಯಲ್ಲಿ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ನೆಲ ನಮ್ಮದು ಎಂದು ಹೆಮ್ಮೆಪಡುತ್ತೇವೆ. ನಿವೃತ್ತನಾಗಿ ಬಂದ ಯೋಧನನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತೇವೆ, ಊರ ಅಗಸಿಯಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ. ಅವನು ಕೆಳಗಿಳಿದ ಮೇಲೆ ಕಟ್ಟೆಯ ಮೇಲೆ ಕೂತು ಅವನ ಹೊಟ್ಟೆಯ ಬಗ್ಗೆ ಜೋಕು ಮಾಡುತ್ತೇವೆ. ನಮ್ಮ ಕಥೆ, ಸಿನಿಮಾಗಳ ಸೈನಿಕ ಸಾಯಬಹುದು, ಕಾಲು ಕಳೆದುಕೊಳ್ಳಬಹುದು. ಅವನಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ. ಗುಂಡು ತಾಗಿದ ಮೈಗೆ ಮಾತ್ರ ಮರ್ಯಾದೆ ಎಂಬ ನಮ್ಮ ಕಲ್ಪನೆಯೇ ಉಳಿದ ರೋಗಿಗಳನ್ನು ಗುಟ್ಟಿಗೆ ತಳ್ಳುತ್ತದೆ.

ದೇಹ ಒಪ್ಪಿಸಿ ದುಡಿಯುವ ನೌಕರಿ ಅದು. ಆ ದೇಹವನ್ನು ಹದಿನೈದು ವರ್ಷ ಬಳಸಿಕೊಂಡವರು ಅದರ ದುರಸ್ತಿಯ ಖರ್ಚನ್ನೂ, ದುರಸ್ತಿಗೆ ಬೇಕಾದ ಸಮಯವನ್ನೂ ಕೊಡಬೇಕು. ಇದು ದಯೆಯಲ್ಲ, ಬಾಕಿ.