ತಲೆನೋವಿಗೆ ಬೆನ್ನಿಗೇಕೆ ಸೂಜಿ?

"ಡಾಕ್ಟರ್ ಅಜ್ಜಾ, ನಮ್ಮ ಚಿಕ್ಕಮ್ಮನಿಗೆ ವಿಪರೀತ ತಲೆನೋವು. ಡಾಕ್ಟರು ಮೊದಲು ಕಣ್ಣು ನೋಡಿದರು, ಆಮೇಲೆ ಬೆನ್ನಿಗೆ ಸೂಜಿ ಚುಚ್ಚಿದರು. ನೋವು ಇದ್ದದ್ದು ತಲೆಯಲ್ಲಿ ತಾನೇ?" ಆರನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದ್ದಾಳೆ.

ಒಳ್ಳೆಯ ಪ್ರಶ್ನೆ, ಮಗು. ತಲೆಬುರುಡೆಯೊಳಗೆ ನಮ್ಮ ಮೆದುಳು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ದೊಡ್ಡವರಲ್ಲಿ ಅದು ಸುಮಾರು 150 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಊರುತ್ತದೆ, ಅಷ್ಟೇ ರಕ್ತಕ್ಕೆ ಮರಳುತ್ತದೆ. ಮರಳುವುದು ತಡೆದರೆ ಒಳಗೆ ಒತ್ತಡ ಏರುತ್ತದೆ. ಎಳೆಗೂಸಾದರೆ, ಅಜ್ಜಿ ಎಣ್ಣೆ ಹಾಕುವಾಗ ಕೈಗೆ ಸಿಗುವ ಆ ಮಿದು ನೆತ್ತಿ ಉಬ್ಬುತ್ತದೆ. ದೊಡ್ಡವರ ಬುರುಡೆ ಗಟ್ಟಿ, ಅದು ಹಿಗ್ಗುವುದಿಲ್ಲ. ತಲೆ ಸಿಡಿಯುವಂತೆ ನೋಯುತ್ತದೆ.

ಕಣ್ಣಿನ ನರದ ಸುತ್ತಲೂ ಇದೇ ದ್ರವವಿದೆ. ಒತ್ತಡ ಏರಿದಾಗ ಆ ನರದ ತುದಿ ಊದಿಕೊಳ್ಳುತ್ತದೆ. 1851ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಪರಿಚಯಿಸಿದಂಥ ಉಪಕರಣದಿಂದ ವೈದ್ಯರು ಅದನ್ನು ನೋಡುತ್ತಾರೆ.

ಬೆನ್ನುಹುರಿಯ ಸುತ್ತ ಇರುವುದೂ ಅದೇ ನೀರು. ಹುರಿ ಮುಗಿದ ಮೇಲೆ, ಸೊಂಟದ ಬಳಿ ಸೂಜಿ ಹಾಕಿದರೆ ಒತ್ತಡ ಅಳೆಯಬಹುದು, ಸ್ವಲ್ಪ ಇಳಿಸಲೂಬಹುದು. 1891ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ತಲೆಯಲ್ಲಿ ನೀರು ತುಂಬಿದ ಮಕ್ಕಳಿಗೆ ಹೀಗೆ ಮಾಡಿದ್ದನ್ನು ವರದಿ ಮಾಡಿದರು. ಆದರೆ ಮೊದಲು ಸ್ಕ್ಯಾನ್ ಆಗಬೇಕು. ಒಳಗೆ ಗಡ್ಡೆಯಿದ್ದರೆ ನೀರು ತೆಗೆಯುವುದೇ ಅಪಾಯವಾಗಬಹುದು.

ಗಡ್ಡೆ, ರಕ್ತಸ್ರಾವ, ಸೋಂಕು ಇದ್ದರೆ ಅದಕ್ಕೇ ಚಿಕಿತ್ಸೆ. ಯಾವ ಕಾರಣವೂ ಕಾಣದೆ ಒತ್ತಡ ಏರುವುದು ಹೆಚ್ಚಾಗಿ ಮೈತೂಕ ಜಾಸ್ತಿಯಿರುವ ಯುವತಿಯರಲ್ಲಿ. ಅಂಥವರಿಗೆ ತೂಕ ಇಳಿಸುವುದೇ ದೊಡ್ಡ ಔಷಧ. ಜೊತೆಗೆ ದ್ರವ ಊರುವುದನ್ನು ಕಡಿಮೆ ಮಾಡುವ ಅಸೆಟಜೋಲಮೈಡ್ ಮಾತ್ರೆ ಕೊಡುತ್ತಾರೆ. ದೃಷ್ಟಿಗೆ ಅಪಾಯವಿದ್ದರೆ ಆಪರೇಷನ್ ಮಾಡಿ, ಸಣ್ಣ ಕೊಳವೆಯಿಂದ ನೀರನ್ನು ಹೊಟ್ಟೆಯೊಳಕ್ಕೆ ಹರಿಸುವುದೂ ಉಂಟು.

ಅಜ್ಜ ಅಜ್ಜಿಯರೇ, ಬಾಮ್ ಹಚ್ಚಿ, ನೋವಿನ ಮಾತ್ರೆ ನುಂಗಿ ದಿನ ತಳ್ಳಬೇಡಿ. ನೋವು ಅಡಗಿದರೂ ಕಣ್ಣಿನ ನರ ಸೊರಗುತ್ತಲೇ ಇರಬಹುದು. ಹೋದ ದೃಷ್ಟಿ ಮರಳದೇ ಇರಬಹುದು. ಮಲಗಿದಾಗ ಅಥವಾ ಬೆಳಿಗ್ಗೆ ಹೆಚ್ಚಾಗುವ ತಲೆನೋವು, ವಾಂತಿ, ಬಗ್ಗಿದಾಗ ಕ್ಷಣಕಾಲ ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ವಾರಗಳ ಹಿಂದೆ ಜಾರಿಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನೂ ಹೇಳಿ. ತಲೆನೋವಿನ ಜೊತೆ ಮಂಪರು, ಫಿಟ್ಸ್, ಅಥವಾ ಜ್ವರ ಬಂದು ಕತ್ತು ಬಿಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮಕ್ಕಳೇ, ಬೋರ್ಡಿನ ಅಕ್ಷರ ಮಂಜಾದರೆ, ತಲೆ ಪದೇಪದೇ ನೋಯುತ್ತಿದ್ದರೆ ಮುಚ್ಚಿಡಬೇಡಿ. ಶಾಲೆ ತಪ್ಪಿಸಲು ನೆಪ ಅಂದಾರು ಎಂಬ ಹೆದರಿಕೆಯೂ ಬೇಡ. ಮನೆಯಲ್ಲಿ ಹೇಳಿ.