ಶಾಲೆಯ ಮೊಟ್ಟೆಗೆ ಮಹಾದಾನಿಯ ಹಣ: ಸರಿಯೇ?

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆ 2024ರ ಜುಲೈನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಅಲ್ಲಿಯತನಕ ವಾರಕ್ಕೆ ಎರಡು ಮೊಟ್ಟೆ ಸಿಗುತ್ತಿತ್ತು, ಸರ್ಕಾರದ ಖರ್ಚಿನಲ್ಲಿ. ಉಳಿದ ನಾಲ್ಕು ದಿನಗಳ ಮೊಟ್ಟೆಯ ಹೊಣೆಯನ್ನು ಪ್ರತಿಷ್ಠಾನ ಹೊತ್ತುಕೊಂಡಿತು. ಮೂರು ವರ್ಷ, ಸುಮಾರು 1,500 ಕೋಟಿ ರೂಪಾಯಿ, ಸುಮಾರು 55 ಲಕ್ಷ ಮಕ್ಕಳು. ಅದೇ ಸೆಪ್ಟೆಂಬರಿನಿಂದ ಶಾಲೆಗಳಲ್ಲಿ ವಾರವಿಡೀ ಮೊಟ್ಟೆ ಬೇಯತೊಡಗಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಇಷ್ಟು ದೊಡ್ಡ ಮೊತ್ತ ಬಂದದ್ದು ಒಬ್ಬ ವ್ಯಕ್ತಿಯ ಸಂಪತ್ತಿನಿಂದ. ಸರ್ಕಾರ ತಾನೇ ಮಾಡಬೇಕಾದ ಕೆಲಸಕ್ಕೆ ಒಬ್ಬ ಮಹಾದಾನಿಯ ಹಣ ಪಡೆಯುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಮಗುವಿನ ಬೆಳವಣಿಗೆ ಬಜೆಟ್ಟಿಗಾಗಿ ಕಾಯುವುದಿಲ್ಲ

ತತ್ವದ ಮಾತು ಆಮೇಲಿರಲಿ, ಮೊದಲು ತಟ್ಟೆ ನೋಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಸಮೀಕ್ಷೆಯ ಹೊತ್ತಿಗೆ ಅಂಗನವಾಡಿಯಲ್ಲಿದ್ದ ಮಕ್ಕಳೇ ಈಗ ಪ್ರಾಥಮಿಕ ಶಾಲೆಯಲ್ಲಿ ಕೂತಿರುವವರು. ಅನ್ನ-ಸಾರಿನಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಅದನ್ನು ಕಲಬೆರಕೆ ಮಾಡಲಾಗದು, ನೀರು ಬೆರೆಸಿ ಹೆಚ್ಚಿಸಲಾಗದು, ಸೌಟಿನ ಅಳತೆಯಲ್ಲಿ ಕದಿಯಲಾಗದು. ಬಡವರ ಮಕ್ಕಳಿಗೆ ಇದಕ್ಕಿಂತ ನಂಬಿಕಸ್ತ ಪೌಷ್ಟಿಕ ಆಹಾರವನ್ನು ನಾನು ಕಾಣೆ.

ಇಷ್ಟು ಸರಳವಾದ ಆಹಾರ ಶಾಲೆಯ ಬಾಗಿಲಿಗೆ ಬರಲು ಎಷ್ಟು ವರ್ಷ ಹಿಡಿಯಿತು ನೋಡಿ. ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ಮಕ್ಕಳಿಗೆ ಮೊಟ್ಟೆ ಕೊಡಬೇಕೆಂಬ ಮಾತು ಎದ್ದಾಗಲೆಲ್ಲ ವಿರೋಧವೂ ಎದ್ದಿತು, ಸರ್ಕಾರಗಳು ಹಿಂದೆ ಸರಿದವು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಪ್ರಯೋಗ ಆರಂಭವಾದಾಗಲೂ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಆಗ ಮಕ್ಕಳೇ ಎದ್ದುನಿಂತು ನಮಗೆ ಮೊಟ್ಟೆ ಬೇಕು ಎಂದದ್ದನ್ನು ನಾಡು ನೋಡಿತು. ವಾರಕ್ಕೆ ಎರಡು ಮೊಟ್ಟೆಯ ಹಂತಕ್ಕೆ ಬಂದದ್ದು 2023ರಲ್ಲಿ. ಅದೇ ವೇಗದಲ್ಲಿ ಸಾಗಿದ್ದರೆ ಆರು ಮೊಟ್ಟೆಗೆ ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ. ಇಂದು ಏಳನೇ ತರಗತಿಯಲ್ಲಿರುವ ಹುಡುಗಿ ಅಷ್ಟು ಹೊತ್ತಿಗೆ ಮದುವೆಯಾಗಿ ತಾಯಿಯಾಗಿರುತ್ತಿದ್ದಳು, ಅವಳ ರಕ್ತಹೀನತೆ ಅವಳ ಮಗುವಿಗೆ ದಾಟಿರುತ್ತಿತ್ತು.

ದಾನ ಎಂದರೆ ಶ್ರೀಮಂತರ ಮರ್ಜಿ ಎಂಬ ಆಕ್ಷೇಪ ಉಂಟು. ಹುಟ್ಟುಹಬ್ಬಕ್ಕೆ ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಳ್ಳುವವರ ವಿಷಯದಲ್ಲಿ ಅದು ನಿಜ. ಇಲ್ಲಿ ಹಾಗಿಲ್ಲ. ಪ್ರೇಮ್‌ಜಿ 2010ರಿಂದಲೇ ವಿಪ್ರೊ ಷೇರುಗಳನ್ನು ದಾನಕ್ಕೆ ಮೀಸಲಿಡುತ್ತ ಬಂದರು. 2013ರಲ್ಲಿ, ಸಂಪತ್ತಿನ ಬಹುಪಾಲನ್ನು ಕೊಟ್ಟುಬಿಡುವ ಗಿವಿಂಗ್ ಪ್ಲೆಡ್ಜ್‌ಗೆ ಸಹಿ ಹಾಕಿದ ಮೊದಲ ಭಾರತೀಯರಾದರು. 2019ರ ಮಾರ್ಚ್‌ನಲ್ಲಿ ಇನ್ನೂ ಶೇ 34ರಷ್ಟು ಷೇರುಗಳ ಆದಾಯವನ್ನು ಬರೆದುಕೊಟ್ಟರು. ಅಂದಿನ ಬೆಲೆಯಲ್ಲಿ ಅದು 52,750 ಕೋಟಿ ರೂಪಾಯಿ. ಅಲ್ಲಿಗೆ ಅವರು ದಾನಕ್ಕೆ ಮುಡಿಪಿಟ್ಟದ್ದರ ಒಟ್ಟು ಮೌಲ್ಯ 1.45 ಲಕ್ಷ ಕೋಟಿ ಮುಟ್ಟಿತು. ವಿಪ್ರೊದ ಆರ್ಥಿಕ ಒಡೆತನದ ಶೇ 67ರಷ್ಟರ ಫಲ, ಅಂದರೆ ಆ ಷೇರುಗಳ ಲಾಭಾಂಶ, ಕಂಪನಿ ಷೇರು ಮರುಖರೀದಿ ಮಾಡಿದಾಗ ಬರುವ ಹಣ, ಎಲ್ಲ ಪ್ರತಿಷ್ಠಾನದ ಕೆಲಸಕ್ಕೆ. ಹಿಂಪಡೆಯಲಾಗದ ಕೊಡುಗೆ ಇದು. ನಾಳೆ ಬೆಳಗ್ಗೆ ದಾನಿಯ ಮನಸ್ಸು ಬದಲಾದರೂ ಹಣ ಮನೆಗೆ ವಾಪಸು ಹೋಗುವುದಿಲ್ಲ.

ಹಣ ಖರ್ಚಾಗುವ ರೀತಿಯನ್ನೂ ಗಮನಿಸಬೇಕು. ಪ್ರತಿಷ್ಠಾನ ತನ್ನದೇ ಅಡುಗೆಮನೆ ಕಟ್ಟಲಿಲ್ಲ, ತನ್ನದೇ ವ್ಯಾನು ಓಡಿಸಲಿಲ್ಲ. ಮೊಟ್ಟೆ ಬೇಯುವುದು ಶಾಲೆಯ ಒಲೆಯ ಮೇಲೆ, ಬೇಯಿಸುವವರು ಅಕ್ಷರ ದಾಸೋಹದ ಬಿಸಿಯೂಟ ತಾಯಂದಿರು, ಲೆಕ್ಕ ಬರೆಯುವವರು ಮುಖ್ಯೋಪಾಧ್ಯಾಯರು. ಇದ್ದ ವ್ಯವಸ್ಥೆಗೇ ಬಲ ಬಂತು. ಯಾದಗಿರಿ, ಸುರಪುರದಂಥ ಕಡೆ ಶಿಕ್ಷಕರ ಜೊತೆ ಎರಡು ದಶಕ ಕೆಲಸ ಮಾಡಿದ ಸಂಸ್ಥೆಗೆ ಸರ್ಕಾರಿ ಶಾಲೆ ಹೇಗೆ ನಡೆಯುತ್ತದೆಂಬುದು ಗೊತ್ತು.

ಸರ್ಕಾರ ಮತ್ತು ದಾನಿ ಕೈಜೋಡಿಸುವುದು ಈ ನೆಲಕ್ಕೆ ಹೊಸದೂ ಅಲ್ಲ. ಜೆಮ್‌ಷೆಡ್‌ಜಿ ಟಾಟಾ ತಮ್ಮ ಆಸ್ತಿಯನ್ನು ಮೀಸಲಿಟ್ಟರು, ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಕೊಟ್ಟಿತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಸಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬಿಟ್ಟುಹೋದರು; ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರ ಆ ಹಣದಲ್ಲಿ ಓದಿದವನು. ಅವರನ್ನು ತ್ಯಾಗವೀರ ಎಂದು ಕರೆದು ಗೌರವಿಸುವ ನಾವು ಇಂದಿನ ದಾನಿಯನ್ನು ಅನುಮಾನದಿಂದ ನೋಡುವುದು ಯಾವ ನ್ಯಾಯ?

ದಾನ ಕೊಟ್ಟವರು ಸರ್ಕಾರವನ್ನು ಕಟ್ಟಿಹಾಕುತ್ತಾರೆಂಬ ಭಯಕ್ಕೂ ಉತ್ತರ ಇದೆ. 2025ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ದಟ್ಟಣೆ ಇಳಿಸಲು ವಿಪ್ರೊ ಆವರಣದ ಮೂಲಕ ವಾಹನಗಳಿಗೆ ದಾರಿ ಬಿಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪತ್ರ ಬರೆದರು. ಅದು ವಿಶೇಷ ಆರ್ಥಿಕ ವಲಯ, ಆಗದು ಎಂದು ಪ್ರೇಮ್‌ಜಿ ನಯವಾಗಿಯೇ ಉತ್ತರಿಸಿದರು. ಶಾಲೆಗಳಲ್ಲಿ ಮೊಟ್ಟೆ ನಿಲ್ಲಲಿಲ್ಲ. ಕೇಳುವವರೂ ಅಂಜಲಿಲ್ಲ, ಕೊಡುವವರೂ ಬಾಗಲಿಲ್ಲ. ಆರೋಗ್ಯಕರ ಸಂಬಂಧಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸರ್ಕಾರ ಸಂಪೂರ್ಣ ಹೊಣೆ ಹೊರುವ ದಿನ ಬಂದರೆ ಎಲ್ಲರಿಗಿಂತ ಮೊದಲು ನಾನು ಸಂತೋಷಪಡುತ್ತೇನೆ. ಆ ದಿನದವರೆಗೆ ಮಕ್ಕಳು ಕಾಯಲಿ ಎನ್ನುವ ಹಕ್ಕು ಊಟಕ್ಕೆ ಬರವಿಲ್ಲದ ನನಗಾಗಲಿ ನಿಮಗಾಗಲಿ ಇಲ್ಲ.

ವಿರೋಧ: ಹಕ್ಕಿನ ಊಟ ದಯೆಯ ಊಟವಾಗಬಾರದು

ಪ್ರೇಮ್‌ಜಿಯವರ ಬಗ್ಗೆ ನನಗೆ ಗೌರವವಿದೆ. ಆಸ್ತಿಯನ್ನು ಏಳು ತಲೆಮಾರಿಗೆ ಕಟ್ಟಿಡುವ ಕುಬೇರರ ನಡುವೆ ಅವರು ಬೇರೆಯೇ ಮನುಷ್ಯ. ನನ್ನ ತಕರಾರು ಕೊಟ್ಟವರ ಮೇಲಲ್ಲ, ಇಸಿದುಕೊಂಡ ಸರ್ಕಾರದ ಮೇಲೆ.

ಶಾಲೆಯ ಊಟ ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂದು ನಾಗರಿಕ ಸ್ವಾತಂತ್ರ್ಯ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ನವೆಂಬರ್ 28ರಂದು ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿಯವರೆಗೆ ಅದನ್ನು ಶಾಸನಬದ್ಧ ಹಕ್ಕಾಗಿಸಿತು. ಹಕ್ಕಾದ್ದರಿಂದ ಊಟ ಬಾರದಿದ್ದರೆ ತಾಯಿಯೊಬ್ಬಳು ತಾಲ್ಲೂಕು ಕಚೇರಿಯ ಮುಂದೆ ನಿಂತು ಕೇಳಬಹುದು. ದಾನದ ಮೊಟ್ಟೆ ನಿಂತರೆ ಅವಳು ಯಾರನ್ನು ಕೇಳಬೇಕು? ಇಲಾಖೆ ಪ್ರತಿಷ್ಠಾನದ ಕಡೆ ಕೈತೋರಿಸುತ್ತದೆ. ಪ್ರತಿಷ್ಠಾನಕ್ಕೆ ಅವಳಿಗೆ ಉತ್ತರ ಹೇಳುವ ಕಾನೂನಿನ ಹಂಗಿಲ್ಲ.

ಸರ್ಕಾರದ ಬಳಿ ಹಣವಿಲ್ಲ ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. 1,500 ಕೋಟಿಯನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 500 ಕೋಟಿ. ಒಪ್ಪಂದವಾದ 2024–25ರಲ್ಲಿ ರಾಜ್ಯದ ಬಜೆಟ್ 3.71 ಲಕ್ಷ ಕೋಟಿ. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ಸಾವಿರ ರೂಪಾಯಿಯಲ್ಲಿ ಒಂದೂವರೆ ರೂಪಾಯಿಯೂ ಇಲ್ಲ. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ತೆಗೆದಿಟ್ಟದ್ದು 52,000 ಕೋಟಿ. ಗ್ಯಾರಂಟಿಗಳನ್ನು ನಾನು ವಿರೋಧಿಸುವುದಿಲ್ಲ. ಬಡ ಹೆಣ್ಣುಮಕ್ಕಳ ಕೈಗೆ ದುಡ್ಡು ಬಂದದ್ದು ಒಳ್ಳೆಯದೇ. ಆದರೆ ಅಷ್ಟು ಹಣ ಹೊಂದಿಸಿದ ಸರ್ಕಾರಕ್ಕೆ ಅದರ ನೂರರಲ್ಲೊಂದು ಪಾಲು ಮಕ್ಕಳ ಮೊಟ್ಟೆಗೆ ಹೊಂದಲಿಲ್ಲ ಎಂದರೆ ಕೊರತೆ ಇದ್ದದ್ದು ಖಜಾನೆಯಲ್ಲಲ್ಲ, ಮನಸ್ಸಿನಲ್ಲಿ. ಮಕ್ಕಳಿಗೆ ಮತ ಇಲ್ಲ.

ಪಕ್ಕದ ತಮಿಳುನಾಡನ್ನು ನೋಡಿ. ಎಂ.ಜಿ. ರಾಮಚಂದ್ರನ್ 1982ರಲ್ಲಿ ಶಾಲೆಯೂಟವನ್ನು ದೊಡ್ಡದಾಗಿ ವಿಸ್ತರಿಸಿದರು. ಕರುಣಾನಿಧಿ ಅದಕ್ಕೆ ಮೊಟ್ಟೆ ಸೇರಿಸಿದರು. ಹದಿನೈದು ದಿನಕ್ಕೊಂದರಿಂದ ವಾರಕ್ಕೆ ಐದಕ್ಕೆ ಏರಿದ್ದು ಯಾವ ಮಹಾದಾನಿಯಿಂದಲೂ ಅಲ್ಲ, ಎರಡು ಪಕ್ಷಗಳ ಪೈಪೋಟಿಯಿಂದ. ಅಲ್ಲಿ ಮೊಟ್ಟೆ ಚುನಾವಣೆಯ ವಿಷಯ. ತೆಗೆಯಲು ಹೊರಟ ಸರ್ಕಾರ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಈ ಒಪ್ಪಂದ ಮಾಡಿದ ನಿಜವಾದ ಹಾನಿ ಇದೇ: ನಾಲ್ಕು ಮೊಟ್ಟೆ ರಾಜಕೀಯದಿಂದ ಹೊರಗೆ ಹೋಯಿತು. ಯಾವ ಪಕ್ಷವೂ ಈಗ ಆರು ಮೊಟ್ಟೆಯ ಭರವಸೆ ಕೊಡಬೇಕಿಲ್ಲ, ಯಾವ ಶಾಸಕನೂ ಸದನದಲ್ಲಿ ಅದಕ್ಕಾಗಿ ಎದ್ದು ನಿಲ್ಲಬೇಕಿಲ್ಲ. ಪರ ವಾದಿಸಿದವರು ಮಕ್ಕಳು ಎದ್ದುನಿಂತು ಮೊಟ್ಟೆ ಕೇಳಿದ್ದನ್ನು ನೆನೆದರು. ಆ ಮಕ್ಕಳು ಕೇಳಿದ್ದು ಸರ್ಕಾರವನ್ನು. ಅವರ ಬಾಯಿಗೆ ಉತ್ತರ ಕೊಡಬೇಕಾದವರು ತಪ್ಪಿಸಿಕೊಂಡರು.

ಟಾಟಾ, ಸಿರಸಂಗಿ ಲಿಂಗರಾಜರ ಉದಾಹರಣೆ ನನ್ನ ಕಡೆಗೇ ಮಾತಾಡುತ್ತದೆ. ವಿಜ್ಞಾನ ಸಂಸ್ಥೆ ಕಟ್ಟಬೇಕೆಂದು ಯಾವ ಕಾನೂನೂ ಅಂದಿನ ಆಳುವವರಿಗೆ ಹೇಳಿರಲಿಲ್ಲ. ಇಲ್ಲದ್ದನ್ನು ಇರುವಂತೆ ಮಾಡುವುದು ದಾನಿಯ ನಿಜವಾದ ಜಾಗ. ಪ್ರೇಮ್‌ಜಿ ಪ್ರತಿಷ್ಠಾನವೂ ವಿಶ್ವವಿದ್ಯಾಲಯ ಕಟ್ಟಿತು, ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳ ಕಾಲೇಜು ಓದಿಗೆ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಅವಕ್ಕೆ ನನ್ನ ನಮಸ್ಕಾರ. ಕಾನೂನೇ ಹೊರಿಸಿದ ಊಟದ ಹೊಣೆಯನ್ನು ಸರ್ಕಾರದ ಹೆಗಲಿಂದ ಇಳಿಸುವುದು ಬೇರೆ ಸಂಗತಿ.

ತಟ್ಟೆಯಲ್ಲಿ ಏನಿರಬೇಕೆಂದು ಯಾರು ನಿರ್ಧರಿಸಬೇಕು ಎಂಬುದು ಇನ್ನೂ ಸೂಕ್ಷ್ಮ ಪ್ರಶ್ನೆ. ಈ ದಾನಿ ವೈದ್ಯರು, ಪೌಷ್ಟಿಕ ತಜ್ಞರು ಹೇಳುವುದನ್ನೇ ಕೊಟ್ಟರು, ನಮ್ಮ ಪುಣ್ಯ. ಅಕ್ಷಯ ಪಾತ್ರ ಪ್ರತಿಷ್ಠಾನ ದಾನಿಗಳ ನೆರವಿನಿಂದ ಲಕ್ಷಾಂತರ ಮಕ್ಕಳಿಗೆ ಶುಚಿಯಾದ ಊಟ ಕೊಡುತ್ತದೆ; ಆದರೆ ತನ್ನ ಧಾರ್ಮಿಕ ನಿಯಮದಂತೆ ಮೊಟ್ಟೆ ಕೊಡುವುದಿಲ್ಲ, ಈರುಳ್ಳಿ-ಬೆಳ್ಳುಳ್ಳಿ ಬಳಸುವುದಿಲ್ಲ. 2018–19ರಲ್ಲಿ ಇದೇ ವಿಚಾರಕ್ಕೆ ದೊಡ್ಡ ಜಟಾಪಟಿ ನಡೆಯಿತು. ಇತ್ತ 2024ರಿಂದ ಶಾಲೆಗಳಿಗೆ ರಾಗಿ ಮಾಲ್ಟ್ ಬರುತ್ತಿರುವುದು ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ನೆರವಿನಿಂದ. ಒಂದು ತಟ್ಟೆ, ಹಲವು ಯಜಮಾನರು. ನಾಳೆ ಬರುವ ದಾನಿ ಮೊಟ್ಟೆ ಬೇಡ, ಬೇರೇನೋ ಕೊಡುತ್ತೇನೆ ಎಂದರೆ, ಅಭ್ಯಾಸ ಬಿದ್ದ ಸರ್ಕಾರ ಬೇಡವೆನ್ನುವ ಧೈರ್ಯ ತೋರೀತೆ?

ದೊಡ್ಡ ದಾನಿಯನ್ನು ನೆಚ್ಚಿದರೆ ಏನಾಗುತ್ತದೆಂದು ಹೊರಗೂ ನೋಡಬಹುದು. ಗೇಟ್ಸ್ ಪ್ರತಿಷ್ಠಾನಕ್ಕೆ ವಾರನ್ ಬಫೆಟ್ 2006ರಿಂದ 4,000 ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು. 2024ರಲ್ಲಿ, ತಾವು ತೀರಿಕೊಂಡ ಮೇಲೆ ಅಲ್ಲಿಗೆ ಹಣ ಹೋಗುವುದಿಲ್ಲ, ಉಳಿದದ್ದನ್ನು ತಮ್ಮ ಮೂವರು ಮಕ್ಕಳು ನೋಡಿಕೊಳ್ಳುತ್ತಾರೆ ಎಂದರು. ಅದು ಅವರ ಹಣ, ಅವರ ಹಕ್ಕು. ಗೇಟ್ಸ್ 2025ರಲ್ಲಿ, ಪ್ರತಿಷ್ಠಾನವನ್ನು 2045ಕ್ಕೆ ಮುಚ್ಚುವುದಾಗಿ ಘೋಷಿಸಿದರು. ವಿಶ್ವ ಆರೋಗ್ಯ ಸಂಸ್ಥೆಗೆ ಅತಿ ಹೆಚ್ಚು ಹಣ ಕೊಡುವವರ ಸಾಲಿನಲ್ಲಿ, ದೊಡ್ಡ ದೇಶಗಳ ಪಕ್ಕದಲ್ಲೇ, ಈ ಪ್ರತಿಷ್ಠಾನ ನಿಂತಿದೆ. ಅದರ ಹಣದ ಬಹುಭಾಗ ಪೋಲಿಯೊದಂಥ ನಿಗದಿತ ಕೆಲಸಗಳಿಗೇ ಕಟ್ಟುಬಿದ್ದದ್ದು. ಪೋಲಿಯೊ ಹಿಮ್ಮೆಟ್ಟಿದ್ದು ದೊಡ್ಡ ಸಾಧನೆಯೇ ಸರಿ. ಆದರೂ ಜಗತ್ತಿನ ಆರೋಗ್ಯಕ್ಕೆ ಯಾವುದು ಮೊದಲು ಎಂಬುದನ್ನು ಒಂದು ಕುಟುಂಬದ ಒಲವು ಇಷ್ಟರಮಟ್ಟಿಗೆ ತೀರ್ಮಾನಿಸಬಾರದು.

ಇನ್ನು ಹೊರವರ್ತುಲ ರಸ್ತೆಯ ಪತ್ರ. ಅಂದು ಮೊಟ್ಟೆ ನಿಲ್ಲಲಿಲ್ಲ, ಒಪ್ಪಿದೆ. ರಸ್ತೆಯ ಮಾತಿಗೆ ಮಕ್ಕಳ ಮೊಟ್ಟೆಯನ್ನು ತಂದು ಸಾಕ್ಷಿ ಹೇಳಿಸಬೇಕಾಯಿತಲ್ಲ, ನನಗೆ ಕಸಿವಿಸಿ ಅದೇ. ತೆರಿಗೆ ಹಣದಿಂದ ಬಂದ ಎರಡು ಮೊಟ್ಟೆಯ ವಿಷಯದಲ್ಲಿ ಅಂಥ ಯೋಚನೆ ಯಾರ ತಲೆಗೂ ಬಾರದು.

ಕೊನೆಗೆ ಮುಖ್ಯೋಪಾಧ್ಯಾಯರ ಕಷ್ಟ. ಮೊಟ್ಟೆಯೊಂದಕ್ಕೆ ಕೊಡುವುದು ಆರು ರೂಪಾಯಿ. ಇಂಧನ, ಸಾಗಣೆ, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಮೊಟ್ಟೆಯ ಬೆಲೆಯೇ ಆರು ದಾಟಿದಾಗ ಎಷ್ಟೋ ಶಿಕ್ಷಕರು ಕೈಯಿಂದ ಹಾಕಿ ತಂದರು. ಬಜೆಟ್ಟಿನ ಬಾಬತ್ತಾದರೆ ದರ ಪರಿಷ್ಕರಣೆಗೆ ಸದನದಲ್ಲಿ ಒತ್ತಾಯಿಸಬಹುದು. ಒಪ್ಪಂದದ ಮೊತ್ತ ಗಟ್ಟಿಯಾಗಿ ಕೂತಿರುತ್ತದೆ, ಹೊರೆ ಶಾಲೆಯ ಮೇಲೆ ಬೀಳುತ್ತದೆ.

ಮಕ್ಕಳ ಕೈಯಿಂದ ಮೊಟ್ಟೆ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮೂರು ವರ್ಷದ ಈ ಒಪ್ಪಂದ 2027ರಲ್ಲಿ ಮುಗಿಯಲಿದೆ. ಅದರ ನಂತರದ ಬಜೆಟ್ಟಿನಲ್ಲಿ ಆರೂ ದಿನದ ಮೊಟ್ಟೆಗೆ ರಾಜ್ಯದ್ದೇ ಹಣ ಇರಬೇಕು. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇದೊಂದು ನಿರ್ಣಯ ಮಾಡಿಸಿ, ನಿಮ್ಮ ಶಾಸಕರ ಕೈಗೆ ಕೊಡಿ.