ಉಳುವವನ ಹೊಲ, ವಾಸಿಸುವವನ ಮನೆ

ಶಾಸಕರ ಕೆಲಸವೇನು ಎಂದು ಪೌರನೀತಿಯ ಪಾಠದಲ್ಲಿ ಕೇಳಿದಾಗ “ಶಾಸನ ಮಾಡುವುದು” ಎಂದು ಬರೆದು ನೀವೆಲ್ಲ ಅಂಕ ಪಡೆದವರೇ. ಶಾಲೆಯಿಂದ ಹೊರಬಿದ್ದ ಮೇಲೆ ನಾವು ಆ ಉತ್ತರವನ್ನು ಮರೆಯುತ್ತೇವೆ. ರಸ್ತೆಗೆ ಡಾಂಬರು ಹಾಕಿಸುವವರನ್ನೂ ಮದುವೆ, ಉಪನಯನಗಳಿಗೆ ತಪ್ಪದೆ ಬರುವವರನ್ನೂ ಒಳ್ಳೆಯ ಶಾಸಕರೆಂದು ಕರೆಯತೊಡಗುತ್ತೇವೆ. ಆದರೆ ಕಾನೂನಿನ ಪುಸ್ತಕಕ್ಕೆ ಸೇರಿದ ಒಂದು ಕಲಮು ಎಷ್ಟು ಜನರ ಬದುಕನ್ನು ಮುಟ್ಟಬಲ್ಲದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ. ಅದು ಎಲ್ಲಿಗೆ ಬಂದು ನಿಂತುಬಿಟ್ಟಿತೆಂಬುದಕ್ಕೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳೇ ನಿದರ್ಶನ.

ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲೂಕು. ಅಲ್ಲಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಭತ್ತ ಅಳೆಯುವ ಕೊಳಗದ ಗಾತ್ರದಿಂದ ಹುಟ್ಟಿದ ತಕರಾರು ಭೂಮಿಯ ಪ್ರಶ್ನೆಯಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ಮುಂದಾಳಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಮರುವರ್ಷವೇ ವಿಧಾನಸಭೆಯನ್ನು ಪ್ರವೇಶಿಸಿದರು. “ಉಳುವವನೇ ಹೊಲದೊಡೆಯ” ಎಂಬ ಮಾತು ಕಾನೂನಿನ ರೂಪ ತಳೆಯಲು 1974ರವರೆಗೆ, ದೇವರಾಜ ಅರಸರ ಕಾಲದವರೆಗೆ, ಕಾಯಬೇಕಾಯಿತು.

ಅದೇ ಕಾಗೋಡಿನವರು ತಿಮ್ಮಪ್ಪನವರು. 2013ರಿಂದ ವಿಧಾನಸಭೆಯ ಅಧ್ಯಕ್ಷರಾಗಿ, 2016ರಿಂದ 2018ರವರೆಗೆ ಕಂದಾಯ ಸಚಿವರಾಗಿ ಕೆಲಸ ಮಾಡಿದರು. ಹೊಲದ ಪ್ರಶ್ನೆ ಒಂದು ಹಂತಕ್ಕೆ ಬಂದರೂ ಮನೆಯ ಪ್ರಶ್ನೆ ಉಳಿದೇ ಇತ್ತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪು ಎಂದು ಕರೆಸಿಕೊಳ್ಳುವ ಎಷ್ಟೋ ವಸತಿಗಳಲ್ಲಿ ತಲೆಮಾರುಗಳಿಂದ ಒಲೆ ಉರಿಯುತ್ತಿದ್ದರೂ ಮನೆಯ ಕೆಳಗಿನ ನೆಲ ಮತ್ತೊಬ್ಬರ ಹೆಸರಿನಲ್ಲಿತ್ತು. ಊರೂರು ತಿರುಗಿ ಒಂದೆಡೆ ನೆಲೆನಿಂತ ಜನರೇ ಅಲ್ಲಿ ಹೆಚ್ಚು. ಸರಕಾರದ ಲೆಕ್ಕದಲ್ಲಿ ಅವರು ಊರಿನಲ್ಲಿದ್ದರೂ ಊರಿನವರಲ್ಲ. ಭೂಸುಧಾರಣಾ ಕಾಯಿದೆಗೆ 38ಎ ಎಂಬ ಕಲಮು ಸೇರಿ, 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, “ವಾಸಿಸುವವನೇ ಮನೆಯೊಡೆಯ” ಎಂಬ ತತ್ತ್ವ ಕಾನೂನಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರಗಳನ್ನು ಪ್ರಧಾನಮಂತ್ರಿಗಳು ವಿತರಿಸಿದರು. ಒಂದು ಪಕ್ಷದ ಸರಕಾರ ತಂದ ಕಾನೂನಿನ ಫಲವನ್ನು ಇನ್ನೊಂದು ಪಕ್ಷದ ಸರಕಾರ ಹಂಚಿತು. ಒಳ್ಳೆಯ ಶಾಸನದ ಲಕ್ಷಣವೇ ಅದು.

ಈ ಸಂತೋಷದ ಸುದ್ದಿ ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಅಷ್ಟಾಗಿ ಕೇಳಿಬರಲಿಲ್ಲ, ಏಕೆ? ಉತ್ತರ ಕನ್ನಡದ ಭೂಪ್ರದೇಶದಲ್ಲಿ ಸುಮಾರು ಶೇಕಡಾ 80ರಷ್ಟು ಅರಣ್ಯ. ಕಂದಾಯ ಭೂಮಿಯ ಕಾನೂನು ಅರಣ್ಯದ ಕಲ್ಲುಕಂಬದ ಬಳಿ ನಿಲ್ಲುತ್ತದೆ. ಅದರಾಚೆಯ ಮನೆಗಳಿಗೆ 2006ರ ಅರಣ್ಯ ಹಕ್ಕು ಕಾಯಿದೆಯೊಂದೇ ದಾರಿ. ಅದರ ಪ್ರಕಾರ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿ ವಾಸಿಸಿ, ಜೀವನೋಪಾಯಕ್ಕೆ ಆ ಭೂಮಿಯನ್ನೇ ನೆಚ್ಚಿಕೊಂಡಿರುವ ಪರಿಶಿಷ್ಟ ಪಂಗಡದವರಿಗೆ ಹಕ್ಕುಂಟು. ಉಳಿದವರು ಆ ದಿನಕ್ಕೆ ಹಿಂದಿನ 75 ವರ್ಷಗಳ, ಅಂದರೆ ಮೂರು ತಲೆಮಾರಿನ, ವಾಸವನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ಮುಟ್ಟುತ್ತದೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ವಯಸ್ಸಾದವರು ಶಾಲೆಗೆ ಬಂದು “ಮಾಸ್ತರೇ, ನಮ್ಮ ಅಪ್ಪನ ಹೆಸರು ಹಳೆಯ ದಾಖಲಾತಿ ರಿಜಿಸ್ಟರಿನಲ್ಲಿ ಇದ್ದೀತೇ ನೋಡಿ” ಎಂದು ಕೇಳುವುದು ಸಾಮಾನ್ಯವಾಗಿತ್ತು. ಹಳದಿಗಟ್ಟಿದ ಹಾಳೆಗಳನ್ನು ತಿರುವಿದರೆ ಊರ ಗದ್ದೆ, ತೋಟದವರ ಮಕ್ಕಳ ಹೆಸರುಗಳು ಸಾಲಾಗಿ ಸಿಗುತ್ತಿದ್ದವು. ಬೆಟ್ಟದ ಬುಡದ ಕೇರಿಯವರ ಹೆಸರು ಬಹಳ ಕಾಲದ ನಂತರವೇ ಕಾಣತೊಡಗುತ್ತಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತಲಾಗದಿದ್ದ ಅಜ್ಜನಿಗೆ ಶಾಲೆಯ ದಾಖಲೆ ತರಬೇಕೆಂದರೆ ಮೊಮ್ಮಗ ಎಲ್ಲಿಂದ ತಂದಾನು?

ಕಾನೂನು ಅಷ್ಟು ಕಠಿಣವಾಗಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಮನೆಯ ಕುರುಹು, ಸ್ಮಶಾನ, ಇವೆಲ್ಲವೂ ಸಾಕ್ಷ್ಯವೆಂದು ನಿಯಮವೇ ಹೇಳುತ್ತದೆ. ಇಂಥದೇ ಕಾಗದ ಬೇಕೆಂದು ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಲಾಗಿದೆ. ಹೀಗಿದ್ದೂ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕಾರವನ್ನೇ ಕಂಡವು. ತಿರಸ್ಕೃತರನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರ ಫೆಬ್ರುವರಿ 13ರಂದು ಆದೇಶಿಸಿ, ಅದೇ ತಿಂಗಳ 28ರಂದು ತಡೆ ನೀಡಿತು. ಆ ಹದಿನೈದು ದಿನ ಕಾಡಂಚಿನ ಮನೆಗಳಲ್ಲಿ ಎಷ್ಟು ಜನ ನಿದ್ದೆಗೆಟ್ಟರೆಂಬುದನ್ನು ಹೊರಗಿನವರು ಊಹಿಸಲಾರರು.

ಇಲ್ಲಿ ವಲಸೆಯ ಮಾತು ಬರುತ್ತದೆ. “ಎಲ್ಲಿಂದಲೋ ಬಂದವರಿಗೆಲ್ಲ ಭೂಮಿ ಕೊಡುತ್ತ ಹೋದರೆ ಹೇಗೆ?” ಎಂದು ಬಂಧುಗಳು ಕೇಳುತ್ತಾರೆ. ನಮ್ಮ ಸೀಮೆಯಲ್ಲಿ ಎಲ್ಲಿಂದಲೋ ಬಾರದವರು ಯಾರು? ಯಲ್ಲಾಪುರದ ಸಿದ್ದಿಗಳ ಪೂರ್ವಿಕರನ್ನು ಆಫ್ರಿಕದಿಂದ ತಂದು ಗುಲಾಮರನ್ನಾಗಿ ಮಾರಿದ್ದರು. ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದ ಮೊದಲ ಶಾಸಕರಾದರು. ಮಹಾರಾಷ್ಟ್ರದ ಕಡೆಯಿಂದ ಎಮ್ಮೆಗಳ ಹಿಂಡಿನೊಡನೆ ಬಂದ ಗೌಳಿಗರಿಗೆ ಆ ಪಟ್ಟಿಯ ಆಸರೆಯೂ ದೊರೆಯದೆ, 1930ರ ಗೋಡೆ ಅಡ್ಡವಾಯಿತು.

ಪಕ್ಕದ ಮುಂಡಗೋಡನ್ನು ನೋಡಿ. ದೇಶವನ್ನೇ ಕಳೆದುಕೊಂಡು ಬಂದ ಟಿಬೇಟಿಯನ್ನರಿಗೆ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಸುಮಾರು 4,000 ಎಕರೆ ಭೂಮಿಯಲ್ಲಿ ನೆಲೆ ಕಲ್ಪಿಸಲಾಯಿತು. ಅದು ನಮ್ಮ ರಾಜ್ಯಕ್ಕೆ ಭೂಷಣ. ಬೇರೆ ದೇಶದವರಿಗಾಗಿ ತೆರೆದ ಮನಸ್ಸು ನಮ್ಮ ತೋಟಕ್ಕೇ ಕೊನೆ ಕೊಯ್ಯಲು ಬರುವ ನೆರೆಯವನಿಗೂ ತೆರೆಯಬೇಕೆಂದಷ್ಟೇ ನನ್ನ ವಾದ.

ಮನೆಯ ಹಕ್ಕು ನಾಲ್ಕು ಗೋಡೆಗಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನಲ್ಲಿದ್ದ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಅದಕ್ಕೂ ಬಹಳ ಹಿಂದೆ, ನಮ್ಮ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ನೈತಿಕ ಹೊಣೆ ಹೊತ್ತು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿಯನ್ನು ತೊರೆದಿದ್ದರು. ದೊಡ್ಡವರ ಮಾತನ್ನು ಯಾರೋ ಕದ್ದು ಕೇಳಿದರೆ ಸರಕಾರವೇ ಅಲುಗಾಡುತ್ತದೆ. ಹಕ್ಕುಪತ್ರವಿಲ್ಲದವನ ಅಂಗಳಕ್ಕೆ ಯಾರು ಬೇಕಾದರೂ ಬಂದು ಅಳೆಯಬಹುದು, ಫೋಟೋ ತೆಗೆಯಬಹುದು, ಜಾತಿ, ಅಜ್ಜನ ಹೆಸರು, ಆಧಾರ್ ಎಲ್ಲವನ್ನೂ ಕೇಳಬಹುದು. ಒಲ್ಲೆನೆನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಬಾಗಿಲು ತನ್ನದೆಂದು ಹೇಳಲಾಗದವನಿಗೆ ಖಾಸಗಿತನದ ತೀರ್ಪು ಓದಿ ಹೇಳಿದರೆ ಅದು ಕನ್ನಡಿಯೊಳಗಿನ ಗಂಟು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ “ನೀವು ಯಾವ ಜನ?” ಎಂಬ ಪ್ರಶ್ನೆ ಎದುರಿಸಿದ ನನ್ನ ಶಿಷ್ಯರಿಗೆ ಈ ಸಂಕಟದ ರುಚಿ ತುಸು ಗೊತ್ತಿರಬೇಕು.

ಅರಣ್ಯ ಉಳಿಯಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉಳಿಯಲೇಬೇಕು. 2005ರ ಗಡುವನ್ನು ಮುಂದಕ್ಕೆ ತಳ್ಳಬೇಕೆಂದು ನಾನು ಕೇಳುತ್ತಿಲ್ಲ. ಹೊಸದಾಗಿ ಕಾಡು ಕಡಿಯುವವನನ್ನು ತಡೆಯಲೇಬೇಕು. ಆದರೆ “ಅತಿಕ್ರಮಣದಾರ” ಎಂಬ ಶಬ್ದವನ್ನು ಬಳಸುವ ಮುನ್ನ ತೋಟಿಗರಾದ ನಾವು ನಮ್ಮ ಬೆಟ್ಟವನ್ನೊಮ್ಮೆ ನೆನೆಯೋಣ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಿಂದ ನಾವು ಅನುಭವಿಸುತ್ತ ಬಂದಿದ್ದೇವೆ. ಆ ನೆಲವೂ ಸರಕಾರದ್ದೇ. ನಮ್ಮ ಹಿರಿಯರಿಗೆ ಅಕ್ಷರ ಬರುತ್ತಿತ್ತು, ಅರ್ಜಿ ಬರೆದರು, ಕಾಗದ ಉಳಿಸಿಕೊಂಡರು. ಅದೇ ತೋಟದಲ್ಲಿ ದರಕು ಹೊತ್ತವನ ಹಿರಿಯರಿಗೆ ಅಕ್ಷರ ಬರುತ್ತಿರಲಿಲ್ಲ.

ಹಾಗಾದರೆ ನಮ್ಮ ಶಾಸಕರಿಂದ ಕೇಳಬೇಕಾದುದೇನು? ಅರಣ್ಯ ಹಕ್ಕು ಕಾಯಿದೆ ಸಂಸತ್ತಿನದು. ವಿಧಾನಸಭೆಯೊಂದೇ ಅದನ್ನು ಬದಲಿಸಲಾರದು. ಆದರೂ 75 ವರ್ಷದ ಅವಧಿಯನ್ನು ಇಳಿಸಬೇಕೆಂದು ವಿಧಾನಸಭೆಯಲ್ಲಿ ನಿರ್ಣಯ ಮಂಡಿಸಬಹುದು. 2012ರ ನಿಯಮದಂತೆ ಹಿರಿಯರ ಸಾಕ್ಷ್ಯವನ್ನು ಒಪ್ಪಿ ತಿರಸ್ಕೃತ ಅರ್ಜಿಗಳನ್ನು ಮರುಪರಿಶೀಲಿಸುವಂತೆ ಸರಕಾರವನ್ನು ಒತ್ತಾಯಿಸಬಹುದು. ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳಲ್ಲಿ ಪಂಚಾಯತದ ಚುನಾಯಿತ ಸದಸ್ಯರೂ ಇರಬೇಕೆಂದು ಕಾನೂನಿದೆ. 2021ರಲ್ಲಿ ತಾಲೂಕು, ಜಿಲ್ಲಾ ಪಂಚಾಯತಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲವೇಕೆಂದು ಸದನದಲ್ಲಿ ಕೇಳಬಹುದು. ಜನರಿಂದ ಪಡೆದ ದಾಖಲೆಗಳು ಕಂಡವರ ಮೊಬೈಲಿನಲ್ಲಿ ಹರಿದಾಡದಂತೆ ಕಚೇರಿಗಳನ್ನು ಹೊಣೆಗಾರರನ್ನಾಗಿಸಬಹುದು. ಇವು ಯಾವುವೂ ಡಾಂಬರಿನಂತೆ ಕಣ್ಣಿಗೆ ಕಾಣುವ ಕೆಲಸಗಳಲ್ಲ. ಆದುದರಿಂದಲೇ ಕೇಳುವವರು ನಾವಾಗಬೇಕು.

ನಿಮ್ಮಲ್ಲಿ ಕೆಲವರು ತಹಶೀಲ್ದಾರ ಕಚೇರಿಗಳಲ್ಲಿದ್ದೀರಿ, ಕೆಲವರು ವಕೀಲರು, ಕೆಲವರು ಗ್ರಾಮ ಪಂಚಾಯತದ ಸದಸ್ಯರು. ಮುಂದಿನ ಸಲ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿ. ಅರ್ಜಿ ಹಿಡಿದು ನಿಂತವರಲ್ಲಿ ನಿಮ್ಮ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಮಗ್ಗಿ ಹೇಳಿದವರೂ ಇದ್ದಾರು. ಅವರ ಅಜ್ಜ ಆ ಕೇರಿಯಲ್ಲಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಆ ಮಾತನ್ನು ಬರೆಸಿ, ಅವರಿಂದ ರುಜು ಹಾಕಿಸಿಕೊಡಿ. ಕಾನೂನು ಅದನ್ನು ಸಾಕ್ಷ್ಯವೆಂದು ಒಪ್ಪುತ್ತದೆ. ಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದಾರೆ.